೪೧೧೭ ಇಲ್ಲ

ಸೋಹಾರಿನ ಆಸ್ಪತ್ರೆ, ಟೋಕನ್ ಪರದೆ.
ನನ್ನ ಸ್ಕ್ರಿಪ್ಟು ಬ್ರೌಸರನ್ನು ಎಬ್ಬಿಸುತ್ತದೆ,
ನಂಬರು ಬರೆದಿಟ್ಟುಕೊಳ್ಳುತ್ತದೆ: ೪೧೧೭.
ಎರಡೇ ಸೆಕೆಂಡು. ೪೧೧೭ ಇಲ್ಲ, ಎನ್ನುತ್ತದೆ.
ಸತ್ತಿತೆಂದು ಮತ್ತೊಂದನ್ನು ಎಬ್ಬಿಸುತ್ತದೆ.
ಬೆಳಗಿನ ಜಾವಕ್ಕೆ ಹತ್ತೊಂಬತ್ತು ಕಿಟಕಿ,
ಎಲ್ಲದರಲ್ಲೂ ಅದೇ ಅರವತ್ತೆರಡು.

ಚಹಾ ತಂದ ಮೋನಪ್ಪಣ್ಣ ಇಣುಕಿದರು.
ಹೇಳಿದೆ: ಕರೆದದ್ದು ಒಬ್ಬನನ್ನು. ಅವನು
ಒಳಗಿದ್ದವನಿಗೆ ಕೆಲಸ ಒಪ್ಪಿಸಿ ಹೋಗಿಬಿಡುತ್ತಾನೆ.
ನಾನು ಹೋದವನನ್ನೇ ಹುಡುಕುತ್ತಿದ್ದೇನೆ.

"ಮಸ್ಕತ್ತಿನಲ್ಲಿ ನನ್ನನ್ನು ಇಳಿಸಿಕೊಂಡವನು ಬೇರೆ,
ಲಾರಿ ಹತ್ತಿಸಿದವನು ಬೇರೆ.
ಕಾರ್ಡಿನಲ್ಲಿ ಇವತ್ತಿಗೂ ನಾನು ಬಡಗಿ, ಮಾರಾಯ.
ಉಳಿ ಹಿಡಿದಿಲ್ಲ ಒಂದು ದಿನ."

ನಂಬರಿನ ಸಾಲು ಅಳಿಸಿದೆ.
ಈಗ ಕೇಳುವುದು ಇಷ್ಟೇ:
ಪರದೆಯ ಮೇಲೆ ಯಾರಾದರೂ ಇದ್ದೀರಾ?

ಅರವತ್ತಮೂರು, ಎಂದಿತು ಗೋಡೆ, ಅರಬಿಯಲ್ಲಿ.
ಬೆಂಚಿನಿಂದ ಯಾರೋ ಎದ್ದರು.