ಹಿಡಿದ ಹೊತ್ತು

ಹಿಮದ ಕೊನೆಯ ಗುಡ್ಡೆ ಗ್ರಂಥಾಲಯದ ಪಾರ್ಕಿಂಗ್ ಮೂಲೆಯಲ್ಲಿ
ಕರಿ ನಾಯಿಯ ಹಾಗೆ ಮಲಗಿದೆ, ಗದರಿದರೂ ಏಳದು.
ಅದು ಕರಗುವ ತನಕ ಇಲಿನಾಯ್‌ನ ಈ ಪುಟ್ಟ ಊರಲ್ಲಿ
ವಸಂತ ಬಂತೆಂದು ಯಾರೂ ಒಪ್ಪುವುದಿಲ್ಲ.
ನಾನು ಮಾತ್ರ ಊರ ಕಚೇರಿಯ ಕೌಂಟರಿನಲ್ಲಿ
ಮಾರ್ಚ್ ಇಪ್ಪತ್ತಕ್ಕೇ ಫಾರಮ್ಮು ಜೋಡಿಸಿಡುತ್ತೇನೆ.

ಬಂದವರಿಗೆಲ್ಲ ಅದೇ ಪಾಠ:
ಕಡಿದ ಕೊಂಬೆ ನಾಲ್ಕಡಿ ಮೀರಬಾರದು,
ಸೆಣಬಿನ ಹುರಿಯಲ್ಲೇ ಕಟ್ಟಿ, ತಂತಿ ಬೇಡ,
ಯಂತ್ರದ ಹಲ್ಲಿಗೆ ಸಿಕ್ಕೀತು.
ಹಳೇ ಪೇಂಟು ಒಣಗಿಸಿ ತನ್ನಿ.
ಏಪ್ರಿಲ್ ಕೊನೆಯ ಸೋಮವಾರ
ಬೀದಿಬದಿಯ ಕೆಂಪು ನಲ್ಲಿಗಳನ್ನೆಲ್ಲ ಬಿಚ್ಚಿಬಿಡುತ್ತಾರೆ,
ಮನೆಯ ನೀರು ಎರಡು ದಿನ ತುಕ್ಕಿನ ಬಣ್ಣ.
ಹೆದರಬೇಡಿ, ಬಿಳಿ ಬಟ್ಟೆ ಮಾತ್ರ ಒಗೆಯಬೇಡಿ.
ಒಗೆದೇ ಒಗೆದು ಫೋನು ಮಾಡುವವರು
ವರ್ಷಕ್ಕೆ ಹನ್ನೊಂದು ಮಂದಿ. ಎಣಿಸಿದ್ದೇನೆ.

ಎಲ್ಡನ್ ಹ್ರೂಸ್ಕಾ ಬಂದರು, ಎಂಬತ್ತಮೂರು,
ಮೂವತ್ತೈದು ವರ್ಷ ಟೆಲಿಫೋನ್ ಕಂಬ ಹತ್ತಿದ ಮನುಷ್ಯ.
'ನೀವು ಏನು ಮಾಡಬಲ್ಲಿರಿ?' ಎಂಬ ಸಾಲಿನಲ್ಲಿ
ಪ್ರತಿ ವಸಂತಕ್ಕೂ ಒಂದೇ ಪದ: ಹತ್ತುವುದು.
ಈ ಸಲ ಅದನ್ನೇ ಬರೆದು, ಹೊಡೆದುಹಾಕಿ,
ಹೊಸ ಸೊಂಟದ ಮೇಲೆ ಭಾರ ಬದಲಿಸಿ, ಬರೆದರು:
ಏಣಿ ಹಿಡಿಯುವುದು.

ಆ ಕೆಲಸ ಪಟ್ಟಿಯಲ್ಲಿಲ್ಲ, ಅಂದೆ.
ಪಾರ್ಕಿನ ಕಸ ಇದೆ, ಊಟದ ಡಬ್ಬಿ ಹಂಚುವುದಿದೆ,
ಸಸಿಗಳಿಗೆ ಚೀಟಿ ಕಟ್ಟುವುದಿದೆ.
"ಹಾಗಾದರೆ ಏಣಿ ತನ್ನಷ್ಟಕ್ಕೆ ತಾನೇ ನಿಲ್ಲುತ್ತದೋ?"
ನನ್ನ ಹತ್ತಿರ ಉತ್ತರ ಇರಲಿಲ್ಲ.

ಯರೆಟ್ಸಿಗೆ ಹದಿನೇಳು, ಶಾಲೆಯ ಸೇವೆಯ ಲೆಕ್ಕದಲ್ಲಿ
ಇನ್ನೂ ಹತ್ತೊಂಬತ್ತು ಗಂಟೆ ಬಾಕಿ.
ಇಬ್ಬರನ್ನೂ ಹಿಕರಿ ಬೀದಿಗೆ ಕಳಿಸಿದೆ, ವರ್ನಾ ಟೀಸ್ ಮನೆಗೆ.
ಅಲ್ಲಿ ಸೂರಿನಂಚಿನ ದೋಣಿ ತುಂಬಿ ಮೂರು ಶರತ್ಕಾಲ,
ಗಸ್ ತೀರಿಕೊಂಡೂ ಅಷ್ಟೇ.

ಡೋನಟ್ ಡಬ್ಬಿ ಕೊಡಲು ನಾನು ಹೋದಾಗ
ಹುಡುಗಿ ಮೇಲೆ, ಮುದುಕ ಕೆಳಗೆ.
ಅವರು ಮೇಲೆ ನೋಡುತ್ತಲೇ ಇರಲಿಲ್ಲ.
ಎರಡೂ ಕೈ ಏಣಿಗೆ, ಕಣ್ಣು ಎದುರಿನ ಇಟ್ಟಿಗೆಗೆ.
ಅವಳು ಹೆಜ್ಜೆ ಬದಲಿಸಿದ್ದು
ಅವರ ಮುಂಗೈಗೆ ಮೊದಲು ಗೊತ್ತಾಗುತ್ತಿತ್ತು.
"ಎಡಕ್ಕೆ ವಾಲಬೇಡ."
"ನೋಡದೆ ಹೇಗೆ ತಿಳೀತು?"
"ಮಾತು ಸಾಕು, ತೆಗಿ."

ಮೂರು ವರ್ಷದ ಎಲೆ ಕೊಳೆತು ಕಪ್ಪಾಗಿ
ಹಿಡಿ ಹಿಡಿಯಾಗಿ ಬಕೆಟ್ಟಿಗೆ, ಅರ್ಧ ಅವರ ಟೋಪಿಗೆ.
ಆಮೇಲೆ ಮೇಲಿಂದ ದನಿ: "ಇಲ್ಲಿ ಗಿಡ ಇವೆ."
ಮೇಪಲ್. ಎರಡೆರಡೇ ಎಲೆ, ಕೆಂಪು ಕಾಲು,
ತಗಡಿನ ದೋಣಿಯಲ್ಲಿ ಬೇರು ಬಿಟ್ಟು ಕೂತಿವೆ,
ಯಾರನ್ನೂ ಕೇಳಿಲ್ಲ.

"ಕಿತ್ತು ಬಿಸಾಕು," ಅಂದರು ವರ್ನಾ ಬಾಗಿಲಲ್ಲಿ.
ಒಂದು ಗಳಿಗೆ ಬಿಟ್ಟು, "ಎಷ್ಟಿವೆ?"
"ಐದು."
"ಹಾಗಿದ್ದರೆ ಒಂದನ್ನ..."
ಮಾತು ಅಲ್ಲೇ ಬಿಟ್ಟು ಒಳಗೆ ಹೋದರು.
ಕಾಫಿ ಪುಡಿಯ ಖಾಲಿ ಡಬ್ಬದೊಂದಿಗೆ ಹೊರಬಂದರು.

ಸೋಮವಾರ ಇಬ್ಬರ ಫಾರಮ್ಮೂ ನನ್ನ ಮುಂದೆ.
ಕೊನೆಯ ಕಾಲಮ್ಮು: ಎಷ್ಟು ಹೊತ್ತು ಹಿಡಿಯಿತು?
ಯರೆಟ್ಸಿ ಬರೆದಿದ್ದಾಳೆ, ಎರಡೂವರೆ ಗಂಟೆ, ಕೆಳಗೆರಡು ಗೆರೆ.
ಎಲ್ಡನ್ ಖಾಲಿ ಬಿಟ್ಟಿದ್ದಾರೆ.
ಫೋನಿನಲ್ಲಿ ಕೇಳಿದರೆ, "ಕೆಲಸ ಮಾಡಿದ್ದು ಅವಳು, ನಾನು ನಿಂತಿದ್ದೆ."

ಪೆನ್ನು ತೆಗೆದುಕೊಂಡೆ.
ಹಿಡಿಯಿತು ಎಂಬುದನ್ನು ಹೊಡೆದು,
ಹಿಡಿದರು ಎಂದು ತಿದ್ದಿ,
ಎರಡೂವರೆ ಗಂಟೆ ಎಂದು ಬರೆದೆ.
ಕಂಪ್ಯೂಟರು ಒಪ್ಪಲಿಲ್ಲ. 'ಇತರೆ'ಯಲ್ಲಿ ತುರುಕಿದೆ.

ಕರಿ ನಾಯಿ ಮಲಗಿದ್ದ ಮೂಲೆಯಲ್ಲೀಗ
ಬರೀ ಮರಳು, ಯಾರದೋ ಒಂಟಿ ಕೈಚೀಲ.
ಬೀದಿಯಲ್ಲಿ ಕೆಂಪು ನಲ್ಲಿ ಬಿಚ್ಚಿದ ಸದ್ದು.
ಫೋನು ಹೊಡೆದುಕೊಳ್ಳುತ್ತಿದೆ.
ಯಾರೋ ಬಿಳಿ ಅಂಗಿ ಒಗೆದಿದ್ದಾರೆ.