ಕಾಲಂ ಆರು: ಉಪಯೋಗ

ಪಂಚಾಯ್ತಿಯ ನೀಲಿ ರಿಜಿಸ್ಟರ್ ಕಂಕುಳಲ್ಲಿ,
ಕಿವಿಯ ಮೇಲೆ ಪೆನ್ನು,
ನಾನು ನಂದಿಕೇಶ್ವರದ ಗುಡ್ಡ ಹತ್ತಿದ್ದು
ಹೂಗಳ ಲೆಕ್ಕ ಬರೆಯಲಿಕ್ಕೆ.
ಮಾರ್ಚ್ ಮುಗಿಯುವುದರೊಳಗೆ ತುಂಬಿ ಕಳಿಸಿರೆಂದು
ಬಾದಾಮಿಯಿಂದ ಮೂರು ಸಲ ಫೋನು.

ಮುಂದೆ ಹೊಳಬಸವ್ವ. ಅವಳ ಮುಂದೆ
ಇಪ್ಪತ್ತಾರು ಆಡು.
ದಾರಿಯೆಂದರೆ ಅವುಗಳ ಗೊರಸು ಸವೆಸಿದ್ದಷ್ಟೇ,
ಕೆಂಪು ಕಲ್ಲಿನ ಮೈಮೇಲೆ
ಬಿಚ್ಚಿದ ಹೊಲಿಗೆಯ ಗುರುತು.

ಮೊದಲು ಸಿಕ್ಕಿದ್ದು ಮುತ್ತಲ.
ಒಂದೂ ಎಲೆಯಿಲ್ಲ. ಹೂ ಮಾತ್ರ
ಮರದ ಮೇಲೆ ಎಷ್ಟೋ ನೆಲದ ಮೇಲೂ ಅಷ್ಟು.
ಹೆಸರು ಬರೆದೆ, ಎತ್ತರ ಬರೆದೆ, ಬಣ್ಣ ಬರೆದೆ.
"ಉಪಯೋಗ ಏನಂತ ಬರೀಲಿ ಯವ್ವಾ?"
"ಎಲಿ ಊಟಕ್ಕ, ಹೂ ಓಕಳಿಗೆ.
ನನ್ನ ಮೈದುನ ಉಗ್ಗಿದ ಬಣ್ಣ
ಕುಪ್ಪಸದಾಗ ಇನ್ನೂ ಐತಿ.
ಟ್ರಂಕ್ ತಗದು ತೋರಸ್ಲೇನು?"
ನಕ್ಕಳು. ಆಡೊಂದು ಹೊರಳಿ ನೋಡಿತು.

ಬಂಡೆಯ ನೆತ್ತಿಯಲ್ಲಿ ಅರಿಶಿನ ಬೂರುಗ:
ಬೊಗಸೆಯಗಲದ ಹಳದಿ,
ಬೋಳು ಕೊಂಬೆಯ ತುದಿತುದಿಗೆ ಯಾರೋ
ಏಣಿ ಹಾಕಿ ಇಟ್ಟು ಇಳಿದುಹೋದ ಹಾಗೆ.
"ಅದರ ಅರಳಿ ತಲಿದಿಂಬಿಗೆ. ಆದ್ರ ತಮ್ಮಾ,
ಅದರ ಮ್ಯಾಲ ಮಲಗಿದಾಂವ ಲಗೂನ ಏಳಾಂಗಿಲ್ಲ.
ನಮ್ಮ ಮನಿಯಾಂವಗ ಬೈದು ಬೈದು ಸಾಕಾತು."
ಬರೆದೆ, ಕೊನೆಯ ಮಾತು ಬಿಟ್ಟು.

ಎಕ್ಕಿ, ಹಣಮಪ್ಪನ ಮಾಲೆಗೆ.
ತಂಗಡಿ, ತೊಗಲು ಹದ ಮಾಡಲು.
ಕವಳಿಯ ಬಿಳಿ ಹೂವಿನ ತುಂಬ ಜೇನ್ನೊಣ,
ಅವಳೆಂದದ್ದು ಕೇಳಿಸಲೇ ಇಲ್ಲ;
ಬಾಯಿ ಚಪ್ಪರಿಸಿದ್ದು ನೋಡಿ 'ಹಣ್ಣು' ಎಂದು ಬರೆದೆ.
ವಿಷ್ಣುಕ್ರಾಂತಿ, ಕಾಲ ಸಂದಿಯಲ್ಲೇ ನೀಲಿ:
"ಮರವಿಗೆ ಔಷಧ. ಹ್ಯಾಂಗ ಕೊಡೂದಂತ
ಮರತೇ ಬಿಟ್ಟೇನಿ."

ಬಿಸಿಲು ನೆತ್ತಿಗೇರುವ ಹೊತ್ತು.
ಒಂದು ಹಾಸುಬಂಡೆ. ಬೆರಳು ಇಳಿಯದ ಸೀಳು.
ಅದರೊಳಗಿಂದ
ಜೋಳದ ಕಾಳಿನಷ್ಟಗಲ, ತಿಳಿ ನೇರಳೆ,
ಐದೆಸಳು, ನಡುವೆ ಸುಣ್ಣದ ಚುಕ್ಕೆ.
ಹತ್ತು ಎಣಿಸಿದೆ, ಹನ್ನೆರಡು. ಆಮೇಲೆ ಕಣ್ಣು ಪಳಗಿತು:
ಬಂಡೆಯ ಉದ್ದಕ್ಕೂ ಅವೇ,
ಹಿಂದೆಯೂ ಅವೇ.
ಇಷ್ಟು ಹೊತ್ತು ಅವುಗಳ ಮೇಲೇ
ನಡೆದು ಬಂದಿದ್ದೆವು.

"ಇದಕ್ಕೇನಂತಾರ?"

ಹೊಳಬಸವ್ವ ಕೋಲೂರಿ ಕುಂತಳು,
ಹಣೆಗೆ ಕೈ ಅಡ್ಡ ಹಿಡಿದು ಬಗ್ಗಿ ನೋಡಿದಳು,
ದಿನಾ ಹಾಯುವ ಓಣಿಯಲ್ಲಿ
ಎಂದೂ ತೆರೆಯದ ಮನೆಯ ಕದ
ಇವತ್ತು ತೆರೆದಿದ್ದು ಕಂಡವಳಂತೆ.

"ಆಡು ತಿನ್ನಾಂಗಿಲ್ಲ. ಮುಳ್ಳಿಲ್ಲ, ಚುಚ್ಚಾಂಗಿಲ್ಲ.
ಹೊಟ್ಟಿನೋವಿಗೆ ಬರಾಂಗಿಲ್ಲ, ಮುಡಕೊಳ್ಳಾಕ ದಂಟಿಲ್ಲ,
ದೇವರಿಗೆ ಏರಸಿದ್ರ ದೇವರಿಗೇ ಕಾಣಸಾಂಗಿಲ್ಲ.
ಕರಿಯೂ ಪ್ರಸಂಗನ ಬಂದಿಲ್ಲ ನೋಡು ತಮ್ಮಾ
ಯಾರಿಗೂ."

ಹೆಸರಿನ ಮನೆಯಲ್ಲಿ ಗೆರೆ ಎಳೆದೆ.
ಆರನೆಯದು ಖಾಲಿ.

ನೀರು ಕುಡಿದೆವು. ರೊಟ್ಟಿ ಮುರಿದು
ಶೇಂಗಾ ಹಿಂಡಿಯ ಜೊತೆ ನನಗೂ ಕೊಟ್ಟಳು.
ಬೇರೇನೋ ಮಾತಾಡಿದೆವು, ಆಡಿನ ರೇಟು,
ಮಹಾಕೂಟದ ಹೊಂಡದಲ್ಲಿ ನೀರು ಇಳಿಯದ್ದು.

ಏಳುವಾಗ ಅವಳು ನಾಲಗೆ ಮಡಚಿ ಸಿಳ್ಳು ಹಾಕಿದಳು.
ಮುಂದಿನ ಹೋತ ನಿಂತಿತು, ಅನುಮಾನದಿಂದ ನೋಡಿತು.
ಮತ್ತೊಂದು ಸಿಳ್ಳು.
ಇಪ್ಪತ್ತಾರೂ ಹಾಸುಬಂಡೆ ಬಿಟ್ಟು
ಕೆಳಗಿನ ಕಾರಿಮುಳ್ಳಿನ ಕಡೆಗೆ ತಿರುಗಿದವು.
ಸುತ್ತು ದಾರಿ. ನನ್ನ ಪ್ಯಾಂಟು ಎರಡು ಕಡೆ ಹರಿಯಿತು.
ಯಾಕೆಂದು ಅವಳು ಹೇಳಲಿಲ್ಲ,
ನಾನು ಕೇಳಲಿಲ್ಲ.

ರಾತ್ರಿ ಆಫೀಸಿನಲ್ಲಿ, ಕರೆಂಟು ಹೋಗಿ ಬಂದು,
ಒಂದೊಂದೇ ಕಂಪ್ಯೂಟರಿಗೆ ಏರಿಸುತ್ತ ಬಂದೆ.
ಹೆಸರಿಗೆ ಗೆರೆ ಹಾಕಿದರೆ ಒಪ್ಪಿತು.
ಆರನೆಯ ಕಾಲಂ ಮಾತ್ರ ಕೆಂಪಗಾಗಿ
'ಖಾಲಿ ಬಿಡುವಂತಿಲ್ಲ' ಎಂದಿತು.
ಮತ್ತೆ ಒತ್ತಿದೆ. ಮತ್ತೆ ಅದೇ.

ಬಹಳ ಹೊತ್ತು ಕುಳಿತು
ಎರಡು ಬೆರಳಿನಲ್ಲಿ ಹೊಡೆದೆ:
'ಸುತ್ತು ಹಾಕಿ ಹೋಗಲಿಕ್ಕೆ.'

ಒಪ್ಪಿಕೊಂಡಿತು.
ಯುಗಾದಿ ಮುಗಿಯಿತು, ಬೇವು ಕುಡಿದೆವು.
ಬಾದಾಮಿಯಿಂದ ಇನ್ನೂ ಯಾರೂ
ಫೋನು ಮಾಡಿಲ್ಲ.