ಆರುನೂರು ಸೆಕೆಂಡು

ಕೆಲಗೇರಿ ಕೆರಿಯಿಂದ ಬಂದಾವ ಇಪ್ಪತ್ತು ಸಸಲಿ.
ಫಕೀರಪ್ಪ ತಂದಾನ, ಹಾಲಿನ ಕ್ಯಾನಿನ್ಯಾಗ,
ಸೈಕಲ್ ಹ್ಯಾಂಡಲಿಗೆ ತೂಗಹಾಕಿ,
ರಸ್ತೆ ಉಬ್ಬು ಬಂದಲ್ಲೆಲ್ಲ ಇಳದು, ನಡದು.
"ಎಣಿಸಿಕೊಳ್ರಿ ಬಾಯಾರ, ಒಂದೂ ಸತ್ತಿಲ್ಲ."
ಎಣಿಸಿದೆ. ಅದಽ ನನ್ನ ಸಂಶೋಧನೆಯ ಮೊದಲ ಅಂಕಿ.

ಗಾಜಿನ ತೊಟ್ಟಿ, ಮೂರು ಫೂಟು ಉದ್ದ.
ತಳದಾಗ ಬಿಳಿ ಹಾಳಿ, ಹಾಳಿ ಮ್ಯಾಲ ಕರಿ ಗೆರಿ,
ಕುಂಟಾಬಿಲ್ಲೆ ಆಟದ್ಹಂಗ ಇಪ್ಪತ್ನಾಲ್ಕು ಚೌಕ.
ಒಂದು ಮೂಲ್ಯಾಗ ಒಡದ ಮಡಕಿಯ ಅರ್ಧ, ಅದು ಮನಿ.
ಎದುರಿಗೆ ನಾಲ್ಕು ಬಾಟ್ಲಿ ಮುಚ್ಚಳ,
ಒಂದರಾಗಷ್ಟಽ ಹುಳ.
ಮನಿ ಬಾಗಲದ ದಾರ ಎಳೀತೀನಿ, ಗಡಿಯಾರ ಒತ್ತತೀನಿ,
ಪರದೆಯ ತೂತಿನಿಂದ ನೋಡಕೋತ ಕೂಡತೀನಿ,
ನನ್ನ ನೋಡಲಿಕ್ಕೆ ಬಂದವರನ್ನ ಒಮ್ಮೆ
ಒಳಗಿನ ಖೋಲಿಯಿಂದ ನಾನಽ ನೋಡಿದ್ಹಂಗ.

ಮೂರನೇದು, ಸಾಲಿ ಗಂಟಿ ಹೊಡದ್ಹಂಗ ಹೊರಗ.
ಹನ್ನೊಂದನೇದು ಗ್ವಾಡಿ ಹಿಡಕೊಂಡು ಸುತ್ತತದ,
ಹೊಸ ಊರಾಗ ಬಾಡಿಗಿ ಮನಿ ಹುಡುಕವರ ಗತೆ.
ಹದಿನಾಲ್ಕನೇದು ಖಾಲಿ ಮುಚ್ಚಳಕ್ಕಽ ಮೂರು ಸಲ ಹೋತು.
ಅದಕ್ಕೂ ಒಂದು ಕಾಲಂ ಅದ: ತಪ್ಪು ಭೇಟಿ.

ಏಳನೇದು ಬರೂದಿಲ್ಲ.
ಸೋಮವಾರ ಬರಲಿಲ್ಲ, ಬುಧವಾರ ಬರಲಿಲ್ಲ.
ಹತ್ತು ಮಿನಿಟು ಮುಗದರ ನಿಯಮ ಹೇಳತದ:
ಆರುನೂರು ಅಂತ ಬರೀರಿ, ಮುಂದಿನ ಮೀನ ತಗೋರಿ.
ಮಡಕಿ ಬಾಯಾಗ ಮೂತಿ ಅಷ್ಟಽ,
ಕಿವಿರು ತೆರೀತದ, ಮುಚ್ಚತದ.
"ಅಂಜುಬುರುಕ" ಅಂತ ಬರದೆ.
ಫಕೀರಪ್ಪ ಕಸಬರಿಗಿ ನಿಲ್ಲಿಸಿ ಕೇಳಿದ:
"ಅದು ಅಂಜೇತಿ ಅಂತ ಹೆಂಗ ಗೊತ್ತಾತ್ರಿ?
ನಿಮ್ಮನ್ನ ನೋಡಾಕತ್ತಿರಬೌದಲ್ಲ?"

ಶುಕ್ರವಾರ, ನಾಲ್ಕು ಗಂಟೆ ಇಪ್ಪತ್ತು.
ಇನ್ನೂರಾ ಹದಿನೆಂಟನೇ ಸೆಕೆಂಡಿಗೆ ಕರೆಂಟು ಹೋತು.
ಗಾಳಿ ಪಂಪು ನಿಂತಾಗಷ್ಟಽ ತಿಳೀತು
ಇಷ್ಟು ದಿನ ಅದು ಎಷ್ಟು ಒದರತಿತ್ತು ಅಂತ.
ಕಿಟಕಿಗೆ ಕರಿ ಹಾಳಿ ಅಂಟಿಸಿದಾಕಿ ನಾನಽ,
ನನ್ನ ಬೆರಳು ನನಗ ಕಾಣಲಿಲ್ಲ.
ಹೊರಗ ಯಾರೋ ಸ್ಕೂಟರ್ ಒದ್ದು ಒದ್ದು
ಸಾಕಾಗಿ ಅದರ ತಾಯಿಗೆ ಬೈದರು.
ಆಮ್ಯಾಲ, ನೀರಾಗ,
ಬಳಿಗೆ ಬಳಿ ತಾಗಿದಷ್ಟು ಸಪ್ಪಳ.
ಮತ್ತೊಮ್ಮೆ.

ಕರೆಂಟು ಬಂದಾಗ ಅದು ಮಡಕ್ಯಾಗಽ ಇತ್ತು,
ಮೂತಿ ಅಷ್ಟಽ ಹೊರಗ,
ಉಂಡು ಕೈ ತೊಳಕೊಂಡು ಬಂದು ಕೂತವರಂಗ.
ಎರಡನೇ ಮುಚ್ಚಳ ಖಾಲಿ.
ಎಷ್ಟು ಚೌಕ ದಾಟಿತು, ಯಾವ ದಾರಿ, ಎಷ್ಟು ಸಲ ತಪ್ಪಿತು,
ಕ್ಯಾಮೆರಾದಾಗ ಕತ್ತಲಿ ಬಿಟ್ಟು ಏನೂ ಇಲ್ಲ.

ನಾಳೆ ಹಂಚಿನಮನಿ ಸರ್ ಹಾಳಿ ನೋಡತಾರ.
ದಾಖಲೆ ಇಲ್ಲದ್ದು ಆಗಿಲ್ಲ ಅಂತಾರ, ತಪ್ಪೇನಿಲ್ಲ,
ನಾನೂ ಕಿರಿಯರಿಗೆ ಹಂಗಽ ಹೇಳತೀನಿ.
ಹಿಂದಿನ "ಅಂಜುಬುರುಕ"ವನ್ನ ಹೊಡದ ಹಾಕಲೇನು?
ಹೊಡದರ ಅಲ್ಲಿ ಏನು ಬರೀಲಿ?

ಫಕೀರಪ್ಪ ಬೀಗದ ಕೈ ಅಲುಗಿಸಿದ:
"ಐದೂವರಿ ಆತ್ರಿ ಬಾಯಾರ."
ಆರು ಬರದೆ. ಒಂದು ಸೊನ್ನಿ ಬರದೆ.
ಪೆನ್ನಿನ ಟೊಪ್ಪಿಗಿ ಹಾಕಿದೆ.
ಎರಡನೇ ಮುಚ್ಚಳದಾಗ ಇನ್ನೊಂದು ಹುಳ ಇಟ್ಟು
ನಾನಽ ದೀಪ ಆರಿಸಿದೆ.
ಬಾಗಲಾ ಎಳಕೊಂಡು ಹೊಂಟೆ.
ಕಿವಿ ಇಡಲಿಲ್ಲ.